ರಷ್ಯಾದಲ್ಲಿ ನಮ್ಮ ಕಾರ್ಡ್ ನಡೆಯಲ್ಲ ಅಂತಾರೆ, ದುಡ್ಡು ಒಯ್ಯೋದು ಹೇಗೆ?

ಪ್ರಶ್ನೆ: ನಾವು ಚಿಕ್ಕಮಗಳೂರು ತಾಲ್ಲೂಕಿನ ಆಲ್ದೂರು ಹತ್ತಿರದವರು. ಎಂಟು ಎಕರೆ ಕಾಫಿ ತೋಟ ಇದೆ. ಮಗಳು ರಷ್ಯಾದಲ್ಲಿ ಎಂಬಿಬಿಎಸ್ ನಾಲ್ಕನೇ ವರ್ಷ ಓದುತ್ತಿದ್ದಾಳೆ. ಮೇ ತಿಂಗಳಲ್ಲಿ ನಾನು, ನಮ್ಮ ಮನೆಯವರು ಹದಿನೈದು ದಿನ ಅವಳ ಹತ್ತಿರ ಇದ್ದು, ಬರುವಾಗ ದುಬೈನಲ್ಲಿ ನನ್ನ ಅಣ್ಣನ ಮಗನ ಮನೆಯಲ್ಲಿ ಮೂರು ದಿನ ಇಳಿದು ಬರೋಣ ಅಂತಿದ್ದೇವೆ. ಬ್ಯಾಂಕಿನಲ್ಲಿ ಕೇಳಿದರೆ "ನಿಮ್ಮದು ಇಂಟರ್‌ನ್ಯಾಷನಲ್ ಕಾರ್ಡ್, ಎಲ್ಲಾ ಕಡೆ ನಡೆಯುತ್ತೆ, ಬೇಕಿದ್ರೆ ಫಾರೆಕ್ಸ್ ಕಾರ್ಡ್ ಮಾಡಿಸಿ" ಅಂದರು. ಮಗಳು ನೋಡಿದರೆ "ಅಮ್ಮಾ, ಇಲ್ಲಿ ನಿಮ್ಮ ಯಾವ ಕಾರ್ಡೂ ನಡೆಯಲ್ಲ" ಅಂತಾಳೆ. ಅವಳ ಸೀನಿಯರ್ ಒಬ್ಬ, ನಾವು ಇಲ್ಲಿ ಅವನು ಹೇಳಿದ ನಂಬರಿಗೆ ಯುಪಿಐ ಮಾಡಿದರೆ ಅಲ್ಲಿ ರೂಬಲ್ ಕೈಗೆ ಕೊಡ್ತಾನಂತೆ, ರೇಟೂ ಚೆನ್ನಾಗಿದೆಯಂತೆ. ಯಾರ ಮಾತು ಕೇಳೋದು?

ಉತ್ತರ: ಮಗಳ ಮಾತು ಕೇಳಿಯಮ್ಮ. ಬ್ಯಾಂಕಿನವರು ಹೇಳಿದ್ದು ಪೂರ್ತಿ ಸುಳ್ಳಲ್ಲ, ಅರ್ಧ ನಿಜ. ಸೀನಿಯರ್ ಹುಡುಗನ ವಿಷಯಕ್ಕೆ ಆಮೇಲೆ ಬರುತ್ತೇನೆ, ಅದನ್ನು ಒಂದು ಮಾತಿನಲ್ಲಿ ಹೇಳಿ ಮುಗಿಸುವ ಹಾಗಿಲ್ಲ.

ನಿಮ್ಮ ಕಾರ್ಡನ್ನು ಒಮ್ಮೆ ಕೈಯಲ್ಲಿ ಹಿಡಿದು ನೋಡಿ. ಬ್ಯಾಂಕಿನ ಹೆಸರು ದೊಡ್ಡದಾಗಿ ಇರುತ್ತದೆ, ಮೂಲೆಯಲ್ಲಿ ವೀಸಾ, ಮಾಸ್ಟರ್‌ಕಾರ್ಡ್ ಅಥವಾ ರುಪೇ ಅಂತ ಸಣ್ಣದಾಗಿ ಇರುತ್ತದೆ. ಬ್ಯಾಂಕು ಕೊಡುವುದು ಅನುಮತಿ. ಪರದೇಶದ ಅಂಗಡಿಯ ಮೆಷಿನ್ನಿನಿಂದ ಆಲ್ದೂರಿನ ನಿಮ್ಮ ಖಾತೆಯವರೆಗೆ ಸುದ್ದಿ ಮುಟ್ಟಿಸಿ ಲೆಕ್ಕ ತೀರಿಸುವ ಕೆಲಸ ಆ ಮೂಲೆಯ ಕಂಪನಿಯದು. ಉಕ್ರೇನ್ ಯುದ್ಧ ಶುರುವಾದ ಮೇಲೆ, 2022ರ ಮಾರ್ಚ್‌ನಲ್ಲಿ, ವೀಸಾ, ಮಾಸ್ಟರ್‌ಕಾರ್ಡ್, ಅಮೆರಿಕನ್ ಎಕ್ಸ್‌ಪ್ರೆಸ್ ಮೂರೂ ರಷ್ಯಾದಲ್ಲಿ ಕೆಲಸ ನಿಲ್ಲಿಸಿದವು. ಅಂದರೆ ನಿಮ್ಮ ಕೈಯಲ್ಲಿ ಬಸ್ ಪಾಸ್ ಇದೆ, ಪಾಸೂ ಚಾಲ್ತಿಯಲ್ಲಿದೆ, ಆದರೆ ಆ ದಾರಿಗೆ ಬಸ್ಸೇ ಬಿಡುತ್ತಿಲ್ಲ. ಬ್ಯಾಂಕಿನ ಹುಡುಗ ಪಾಸ್ ನೋಡಿ ಉತ್ತರ ಕೊಟ್ಟಿದ್ದಾನೆ.

ಫಾರೆಕ್ಸ್ ಕಾರ್ಡೂ ಸಾಮಾನ್ಯವಾಗಿ ವೀಸಾ ಇಲ್ಲವೇ ಮಾಸ್ಟರ್‌ಕಾರ್ಡ್ ದಾರಿಯಲ್ಲೇ ಹೋಗುವಂಥದ್ದು. ಅದಕ್ಕೆ ಡಾಲರ್ ತುಂಬಿಸಿಕೊಂಡು ಹೋದರೆ ಆ ಡಾಲರ್ ಕಾರ್ಡಿನೊಳಗೇ ಉಳಿಯುತ್ತದೆ. ರುಪೇ ಮತ್ತು ರಷ್ಯಾದ 'ಮಿರ್' ಕಾರ್ಡುಗಳನ್ನು ಜೋಡಿಸುವ ಮಾತುಕತೆಯ ಸುದ್ದಿ ಆಗಾಗ ಪೇಪರಿನಲ್ಲಿ ಬರುತ್ತಿರುತ್ತದೆ, ಪೇಪರ್ ಸುದ್ದಿ ನಂಬಿಕೊಂಡು ವಿಮಾನ ಹತ್ತಬೇಡಿ. ನಮ್ಮ ಯುಪಿಐ ಕೂಡ ಅಲ್ಲಿನ ಅಂಗಡಿಯಲ್ಲಿ ನಡೆಯುವುದಿಲ್ಲ.

ಅಲ್ಲಿ ಹೋದಾಗ ಒಂದು ಗೊಂದಲ ಆಗಬಹುದು. ಅಂಗಡಿಯ ಬಾಗಿಲಿನಲ್ಲಿ ವೀಸಾ ಸ್ಟಿಕ್ಕರ್ ಕಂಡರೂ, ಪಕ್ಕದಲ್ಲಿ ನಿಂತ ರಷ್ಯನ್ ಅಜ್ಜಿ ವೀಸಾ ಕಾರ್ಡನ್ನೇ ಟ್ಯಾಪ್ ಮಾಡಿ ಬ್ರೆಡ್ ಒಯ್ದರೂ ಮೋಸ ಹೋಗಬೇಡಿ. ಅಲ್ಲಿನ ಬ್ಯಾಂಕುಗಳು ಕೊಟ್ಟ ಹಳೆಯ ಕಾರ್ಡುಗಳ ಲೆಕ್ಕವನ್ನು ಅವರು ತಮ್ಮ ದೇಶದೊಳಗಿನ ವ್ಯವಸ್ಥೆಯಲ್ಲೇ ತೀರಿಸಿಕೊಳ್ಳುತ್ತಾರೆ. ಹೊರಗಿನಿಂದ ಬಂದ ಕಾರ್ಡಿಗೆ ಆ ದಾರಿ ಇಲ್ಲ.

ಹಾಗಾಗಿ ರಷ್ಯಾಕ್ಕೆ ನಗದು ಡಾಲರ್ ಒಯ್ಯಿರಿ. ಡಾಲರ್ ನೋಟು ಕಟ್ಟಿಕೊಂಡು ಹೋಗುವುದು ಕಾನೂನಿಗೆ ವಿರುದ್ಧ ಅಂತ ಯಾರಾದರೂ ಹೆದರಿಸಿದರೆ ಕಿವಿಗೆ ಹಾಕಿಕೊಳ್ಳಬೇಡಿ. ಸಾಮಾನ್ಯವಾಗಿ ಒಂದು ಪ್ರಯಾಣಕ್ಕೆ ಒಬ್ಬರು 3,000 ಡಾಲರ್‌ವರೆಗೆ ಮಾತ್ರ ನೋಟಿನ ರೂಪದಲ್ಲಿ ಒಯ್ಯಬಹುದು, ಉಳಿದದ್ದು ಕಾರ್ಡಿನಲ್ಲಿರಬೇಕು. ಆದರೆ ರಿಸರ್ವ್ ಬ್ಯಾಂಕ್ ನಿಯಮದಲ್ಲೇ ರಷ್ಯಾ, ಹಳೆಯ ಸೋವಿಯತ್ ಒಕ್ಕೂಟದ ಕೆಲವು ದೇಶಗಳು ಮತ್ತು ಇರಾನ್‌ಗೆ ಹೋಗುವವರು ಪೂರ್ತಿ ಮೊತ್ತವನ್ನು ನೋಟಿನಲ್ಲೇ ತೆಗೆದುಕೊಳ್ಳಬಹುದು ಅಂತ ಇದೆ. ಕೌಂಟರಿನವರು 3,000ಕ್ಕೆ ನಿಲ್ಲಿಸಿದರೆ ಇದನ್ನು ನೆನಪಿಸಿ. ನೀವಿಬ್ಬರೂ ಸೇರಿ ಹದಿನೈದು ದಿನಕ್ಕೆ, ಅದೂ ಮಗಳ ಹತ್ತಿರ ಇರುವವರಿಗೆ, ಆ ಮಿತಿ ಮುಟ್ಟುವಷ್ಟು ಬೇಕಾಗಲಿಕ್ಕೂ ಇಲ್ಲ. ಎಷ್ಟು ಬೇಕು ಅಂತ ನನ್ನನ್ನು ಕೇಳುವುದಕ್ಕಿಂತ ಮಗಳನ್ನೇ ಕೇಳಿ. ರೂಮಿನ ಬಾಡಿಗೆ, ಊಟ, ಓಡಾಟ ಅಂತ ದಿನದ ಲೆಕ್ಕ ಹಾಕಿಸಿ, ಹದಿನೈದರಿಂದ ಗುಣಿಸಿ, ಅದರ ಮೇಲೆ ಮೂರನೇ ಒಂದು ಭಾಗ ಜಾಸ್ತಿ ಇಟ್ಟುಕೊಳ್ಳಿ. ಬೇರೆ ದೇಶಕ್ಕಾದರೆ ಕಡಿಮೆ ಬಿದ್ದರೆ ಎಟಿಎಂಗೆ ಹೋದರಾಯಿತು. ಇಲ್ಲಿ ಆ ದಾರಿ ಇಲ್ಲ, ಅದಕ್ಕೇ ಈ ಮೂರನೇ ಒಂದು ಭಾಗ. ವೆಸ್ಟರ್ನ್ ಯೂನಿಯನ್ ಕೂಡ 2022ರಲ್ಲೇ ಅಲ್ಲಿಂದ ಹೊರಟುಹೋಗಿದೆ, ಊರಿಂದ ತಮ್ಮ ಕಳಿಸ್ತಾನೆ ಅನ್ನುವ ಹಾಗಿಲ್ಲ.

ಇನ್ನು ಡಾಲರ್ ಕೊಳ್ಳುವ ವಿಷಯ. ನಮ್ಮ ಕಡೆಯ ಬ್ಯಾಂಕ್ ಶಾಖೆಗಳಲ್ಲಿ ಸಾಮಾನ್ಯವಾಗಿ ಡಾಲರ್ ನೋಟು ಇಟ್ಟಿರುವುದಿಲ್ಲ, ಹೇಳಿದರೆ ತರಿಸಿಕೊಡುತ್ತಾರೆ. ಇಲ್ಲವಾದರೆ ಬೆಂಗಳೂರು ಅಥವಾ ಮಂಗಳೂರಿನಲ್ಲಿ ರಿಸರ್ವ್ ಬ್ಯಾಂಕಿನ ಪರವಾನಗಿ ಇರುವ ಮನಿ ಚೇಂಜರ್ ಹತ್ತಿರ ಹೋಗಬೇಕು. ವಿಮಾನ ನಿಲ್ದಾಣದ ಕೌಂಟರಿಗೆ ಬಿಡಬೇಡಿ, ಅಲ್ಲಿಯ ರೇಟು ಅಲ್ಲಿಯ ಕಾಫಿಯ ಹಾಗೆ. ಪಾಸ್‌ಪೋರ್ಟ್, ವೀಸಾ, ಟಿಕೆಟ್, ಪ್ಯಾನ್ ನಾಲ್ಕೂ ಬೇಕು. ಕಾಫಿ ಮಾರಿದ ನಗದು ಮನೆಯಲ್ಲಿದೆ, ಅದನ್ನೇ ಕೊಟ್ಟರಾಯಿತು ಅಂದುಕೊಳ್ಳಬೇಡಿ. 50,000 ರೂಪಾಯಿಗಿಂತ ಹೆಚ್ಚಿನ ಡಾಲರಿಗೆ ಅವರು ನಗದು ತೆಗೆದುಕೊಳ್ಳುವ ಹಾಗಿಲ್ಲ, ಖಾತೆಯಿಂದಲೇ ಹೋಗಬೇಕು. ಜಿಎಸ್‌ಟಿ ಇದೆ, ಆದರೆ ಹೆದರುವಷ್ಟಲ್ಲ: ಎರಡೂವರೆ ಲಕ್ಷ ರೂಪಾಯಿಯ ಡಾಲರ್ ಒಂದೇ ಸಲ ಕೊಂಡರೆ 315 ರೂಪಾಯಿ. ಕೈ ಕಚ್ಚುವುದು ರೇಟು. "ಕಮಿಷನ್ ಇಲ್ಲ" ಅಂತ ಬೋರ್ಡ್ ಹಾಕಿದವರು ರೇಟಿನಲ್ಲೇ ಮುರಿದುಕೊಳ್ಳುತ್ತಾರೆ. "ಸಾವಿರ ಡಾಲರಿಗೆ ಎಲ್ಲಾ ಸೇರಿ ಒಟ್ಟು ಎಷ್ಟು ಕೊಡಬೇಕು?" ಅಂತ ಒಂದೇ ಪ್ರಶ್ನೆಯನ್ನು ಮೂರು ಕಡೆ ಕೇಳಿ.

ಇದಕ್ಕಿಂತ ದೊಡ್ಡ ಪೆಟ್ಟು ಬೀಳುವುದು ಬೇರೆ ಕಡೆ, ಮಕ್ಕಳನ್ನು ಹೊರಗೆ ಓದಿಸುವ ನಮ್ಮ ಎಷ್ಟೋ ತೋಟದವರಿಗೆ ಅದು ಗೊತ್ತಿರುವುದಿಲ್ಲ. ಹೊರದೇಶಕ್ಕೆ ಕಳಿಸುವ ಅಥವಾ ಒಯ್ಯುವ ಹಣ ಒಬ್ಬರ ಪ್ಯಾನ್ ಮೇಲೆ ಏಪ್ರಿಲ್‌ನಿಂದ ಮಾರ್ಚ್‌ವರೆಗೆ ಹತ್ತು ಲಕ್ಷ ದಾಟಿದರೆ ಮೇಲಿನ ಮೊತ್ತಕ್ಕೆ ಟಿಸಿಎಸ್ ಅಂತ ತೆರಿಗೆ ಹಿಡಿಯುತ್ತಾರೆ. ಮೊದಲು ಏಳು ಲಕ್ಷ ಇತ್ತು, 2025ರ ಏಪ್ರಿಲ್‌ನಿಂದ ಹತ್ತು. ಈ ಹತ್ತು ಲಕ್ಷ ಫೀಸಿಗೊಂದು, ಪ್ರವಾಸಕ್ಕೊಂದು ಅಂತ ಬೇರೆ ಬೇರೆ ಅಲ್ಲ, ಎಲ್ಲಾ ಸೇರಿ ಒಂದೇ. ಓದಿನ ಖರ್ಚಿಗೆ ಹಿಡಿಯುವ ದರ ಕಡಿಮೆ, ಪ್ರವಾಸದ ಡಾಲರಿಗೆ ಶೇ. 20. ನಿಮ್ಮ ಯಜಮಾನರು ತಮ್ಮ ಪ್ಯಾನ್ ಮೇಲೆ ಫೀಸು, ಹಾಸ್ಟೆಲ್ ಅಂತ ಈ ಏಪ್ರಿಲ್‌ನಿಂದೀಚೆಗೆ ಹತ್ತು ಲಕ್ಷ ಕಳಿಸಿ ಆಗಿದ್ದರೆ, ಅದೇ ಪ್ಯಾನ್ ಮೇಲೆ ಎರಡೂವರೆ ಲಕ್ಷದ ಡಾಲರ್ ಕೊಳ್ಳಲು ಹೋದಾಗ ಮೊದಲ ರೂಪಾಯಿಯಿಂದಲೇ ಹಿಡಿಯುತ್ತಾರೆ: ಐವತ್ತು ಸಾವಿರ. ಫೀಸು ಇನ್ನೂ ಕಳಿಸಿಲ್ಲದಿದ್ದರೂ ಅಷ್ಟೇ, ಈಗ ಅವರ ಪ್ಯಾನ್ ಮೇಲೆ ಕೊಂಡ ಡಾಲರ್ ಮುಂದೆ ಫೀಸಿನ ಜಾಗವನ್ನು ತಿನ್ನುತ್ತದೆ.

ಟಿಸಿಎಸ್ ಹೋದ ಹಣವೇನಲ್ಲ, ರಿಟರ್ನ್ ಹಾಕಿದರೆ ವಾಪಸ್ ಬರುತ್ತದೆ. ಆದರೆ ಕಾಫಿಯನ್ನು ಪಾರ್ಚ್‌ಮೆಂಟ್ (ಹಣ್ಣಿನ ಸಿಪ್ಪೆ ಸುಲಿದು ಒಣಗಿಸಿದ ಬೀಜ), ಚೆರಿ (ಇಡಿಯಾಗಿ ಒಣಗಿಸಿದ ಹಣ್ಣು) ಹಾಗೆಯೇ ಮಾರುವ ನಿಮ್ಮಂಥ ಬೆಳೆಗಾರರ ಆದಾಯ ಕೃಷಿ ಆದಾಯ, ಅದಕ್ಕೆ ಕೇಂದ್ರದ ಆದಾಯ ತೆರಿಗೆ ಇಲ್ಲ. ಹಾಗಾಗಿ ಎಷ್ಟೋ ಮನೆಗಳಲ್ಲಿ ರಿಟರ್ನ್ ಹಾಕುವ ಅಭ್ಯಾಸವೇ ಇಲ್ಲ, ಹಿಡಿದ ದುಡ್ಡು ಅಲ್ಲೇ ಬಿದ್ದಿರುತ್ತದೆ. ಪರಿಹಾರ ಸುಲಭ. ನಿಮಗೆ ನಿಮ್ಮದೇ ಪ್ಯಾನ್, ನಿಮ್ಮದೇ ಖಾತೆ ಇದೆಯಲ್ಲ? ನಿಮ್ಮ ಖರ್ಚಿನ ಡಾಲರ್ ನಿಮ್ಮ ಹೆಸರಿನಲ್ಲಿ ಕೊಳ್ಳಿ. ಯಜಮಾನರ ಪ್ಯಾನ್ ಫೀಸಿಗೆ ಇರಲಿ, ಅವರ ಪಾಲಿನ ಡಾಲರ್ ಎಷ್ಟು ಕಡಿಮೆಯೋ ಅಷ್ಟು ಒಳ್ಳೆಯದು. ಬ್ಯಾಂಕಿನಿಂದ ಶಿಕ್ಷಣ ಸಾಲ ಮಾಡಿ ಕಳಿಸಿದ ಫೀಸಿಗೆ ಈಗ ಟಿಸಿಎಸ್ ಇಲ್ಲ.

ನೋಟು ಎಣಿಸಿಕೊಳ್ಳುವಾಗ ನಾಚಿಕೆ ಬೇಡ. ನೂರು ಡಾಲರಿನ ನೋಟು ಮಧ್ಯದಲ್ಲಿ ನೀಲಿ ಪಟ್ಟಿ ಇರುವುದೇ ಆಗಬೇಕು, 2013ರಿಂದ ಚಲಾವಣೆಗೆ ಬಂದದ್ದು ಅದು. ನೋಟನ್ನು ಸ್ವಲ್ಪ ಆಚೀಚೆ ಓಲಾಡಿಸಿದರೆ ಪಟ್ಟಿಯೊಳಗಿನ ಸಣ್ಣ ಗಂಟೆಗಳು ನೂರರ ಅಂಕೆಯಾಗಿ ಬದಲಾಗುತ್ತವೆ. ಮಡಿಚಿದ ಗೆರೆ ಗಟ್ಟಿಯಾಗಿ ಬಿದ್ದದ್ದು, ಮೂಲೆ ಹರಿದದ್ದು, ಪೆನ್ನಿನ ಗುರುತು, ಸಣ್ಣ ಸೀಲು ಇರುವುದು ಯಾವುದನ್ನೂ ತೆಗೆದುಕೊಳ್ಳಬೇಡಿ. ನಾನೇ ಒಮ್ಮೆ ಬೆಂಗಳೂರಿನಲ್ಲಿ ಅವಸರದಲ್ಲಿ ತೆಗೆದುಕೊಂಡ ಮೂರು ನೋಟುಗಳ ಅಂಚಿನಲ್ಲಿ ಪೆನ್ಸಿಲ್ ಗೀಟು ಇತ್ತು. ಪರದೇಶದ ಕಿಟಕಿಯ ಹಿಂದಿದ್ದ ಹೆಂಗಸು ಆ ಮೂರನ್ನು ಬೆರಳ ತುದಿಯಲ್ಲಿ ನನ್ನ ಕಡೆ ತಳ್ಳಿ ತಲೆ ಅಲ್ಲಾಡಿಸಿದಳು. ಮೂವತ್ತು ವರ್ಷ ಬ್ಯಾಂಕಿನಲ್ಲಿ ನೋಟು ಎಣಿಸಿದವನು ನಾನು! ಆ ಮೂರು ನೋಟು ಹಾಸನಕ್ಕೆ ವಾಪಸ್ ಬಂದವು. ಹೆಚ್ಚಿನದು ನೂರರದ್ದಿರಲಿ, ಒಂದಿಷ್ಟು ಇಪ್ಪತ್ತು, ಹತ್ತರದ್ದಿರಲಿ. ರೂಬಲ್ಲನ್ನು ಇಲ್ಲಿ ಹುಡುಕಿಕೊಂಡು ಅಲೆಯಬೇಡಿ.

ಕೊಂಡ ರಸೀದಿಯನ್ನು ಪಾಸ್‌ಪೋರ್ಟ್ ಜೊತೆಗೇ ಇಟ್ಟುಕೊಳ್ಳಿ. ಇಲ್ಲಿಂದ ಹೊರಡುವಾಗ ಯಾರಾದರೂ ಕೇಳಿದರೆ ಅದೇ ನಿಮ್ಮ ಉತ್ತರ. ರಷ್ಯಾದಲ್ಲಿ ಇಳಿದಾಗ 10,000 ಡಾಲರಿಗಿಂತ ಹೆಚ್ಚು ನಗದು ಇದ್ದವರು ಮಾತ್ರ ಘೋಷಣೆ ಮಾಡಬೇಕು, ನಿಮಗದು ಬರುವುದಿಲ್ಲ. ದುಡ್ಡು ಎರಡು ಕಡೆ ಇರಲಿ, ಅರ್ಧ ನಿಮ್ಮ ಸೊಂಟದ ಚೀಲದಲ್ಲಿ, ಅರ್ಧ ಅವರ ಒಳಜೇಬಿನಲ್ಲಿ. ಚೆಕ್-ಇನ್ ಸೂಟ್‌ಕೇಸಿನಲ್ಲಿ ಉಪ್ಪಿನಕಾಯಿ ಇಡಿ, ದುಡ್ಡು ಬೇಡ.

ಅಲ್ಲಿ ಇಳಿದ ಮೇಲೆ ವಿಮಾನ ನಿಲ್ದಾಣದಲ್ಲಿ ಐವತ್ತೋ ನೂರೋ ಡಾಲರ್ ಮಾತ್ರ ಬದಲಾಯಿಸಿ, ಉಳಿದದ್ದನ್ನು ಊರೊಳಗಿನ ಬ್ಯಾಂಕ್ ಶಾಖೆಯಲ್ಲಿ. ಪಾಸ್‌ಪೋರ್ಟ್ ಕೇಳುತ್ತಾರೆ. ನಾಲ್ಕು ವರ್ಷದಿಂದ ಇರುವ ಮಗಳಿಗೆ ಅಲ್ಲಿನ ಬ್ಯಾಂಕಿನ ಖಾತೆ, ಮಿರ್ ಕಾರ್ಡ್ ಇದ್ದೇ ಇರುತ್ತದೆ. ನಿಮ್ಮ ಕೈಯಲ್ಲಿ ಕಂತೆ ರೂಬಲ್ ಹೊತ್ತು ತಿರುಗುವುದಕ್ಕಿಂತ, ವಾರಕ್ಕಾಗುವಷ್ಟನ್ನು ಬದಲಾಯಿಸಿ ಅವಳ ಖಾತೆಗೆ ಹಾಕಿ, ಮೆಟ್ರೋ, ರೈಲು, ಅಂಗಡಿ ಎಲ್ಲ ಕಡೆ ಅವಳೇ ಕಾರ್ಡ್ ಹಿಡಿಯಲಿ. ಒಳನಾಡಿನ ವಿಮಾನ, ರೈಲಿನ ಟಿಕೆಟನ್ನು ಈಗಲೇ ಅವಳಿಂದ ಬುಕ್ ಮಾಡಿಸಿ, ಯಾಕೆಂದರೆ ಅಲ್ಲಿನ ವೆಬ್‌ಸೈಟುಗಳಲ್ಲಿ ನಿಮ್ಮ ಕಾರ್ಡ್ ಹೋಗುವುದಿಲ್ಲ. ಇಲ್ಲಿಂದ ರೂಪಾಯಿಯಲ್ಲಿ ಕಟ್ಟಬಹುದಾದದ್ದನ್ನೆಲ್ಲ, ಹೋಗಿ ಬರುವ ಟಿಕೆಟ್, ಪ್ರಯಾಣ ವಿಮೆ ಇಂಥವನ್ನು, ಇಲ್ಲೇ ಕಟ್ಟಿ ಮುಗಿಸಿ.

ಈಗ ಸೀನಿಯರ್ ವಿಷಯ. ಹುಡುಗ ಒಳ್ಳೆಯವನೇ ಇರಬಹುದು, ನಾನು ಅವನ ಬಗ್ಗೆ ಏನೂ ಹೇಳುತ್ತಿಲ್ಲ. ಆದರೆ ಇಲ್ಲಿ ರೂಪಾಯಿ, ಅಲ್ಲಿ ರೂಬಲ್, ಮಧ್ಯೆ ಬ್ಯಾಂಕಿಲ್ಲ ಅನ್ನುವ ವ್ಯವಹಾರಕ್ಕೆ ಹವಾಲಾ ಅಂತಲೇ ಹೆಸರು. ವಿದೇಶಿ ವಿನಿಮಯ ಕಾಯ್ದೆಯಲ್ಲಿ ಇದಕ್ಕೆ ಮೊತ್ತದ ಮೂರು ಪಟ್ಟಿನವರೆಗೆ ದಂಡ ಹಾಕಬಹುದು. ಕಾನೂನು ಬದಿಗಿರಲಿ, ನಾನು ಕಣ್ಣಾರೆ ಕಂಡದ್ದು ಹೇಳುತ್ತೇನೆ. ನಾನು ಶಾಖೆಯಲ್ಲಿದ್ದಾಗ ಸಕಲೇಶಪುರ ಕಡೆಯ ಒಬ್ಬ ತಂದೆ ಬಂದರು. ಹೊರದೇಶದಲ್ಲಿದ್ದ ಅವರ ಮಗ ಅಲ್ಲಿ ಸ್ನೇಹಿತನಿಗೆ ಕೈಯಲ್ಲಿ ಹಣ ಕೊಟ್ಟಿದ್ದ, ಅದಕ್ಕೆ ಬದಲಾಗಿ ಇಲ್ಲಿ ಇವರ ಖಾತೆಗೆ ಯಾರೋ ಅಪರಿಚಿತರಿಂದ ಅರವತ್ತು ಸಾವಿರ ಬಂದಿತ್ತು. ಆ ಅರವತ್ತು ಸಾವಿರ ಉತ್ತರದ ಕಡೆ ಯಾರನ್ನೋ ಆನ್‌ಲೈನ್‌ನಲ್ಲಿ ವಂಚಿಸಿ ತೆಗೆದ ಹಣ. ಅಲ್ಲಿನ ಪೊಲೀಸರು ಹಣದ ಜಾಡು ಹಿಡಿದು ಬಂದು ಇವರ ಖಾತೆಯನ್ನೇ ತಡೆಹಿಡಿಯಲು ಬರೆದರು. ಖಾತೆಯಲ್ಲಿ ಆಗಷ್ಟೇ ಕಾಫಿ ಮಾರಿದ ನಾಲ್ಕು ಲಕ್ಷ ಇತ್ತು. ಆ ಮನುಷ್ಯ ದಿನಾ ಬೆಳಿಗ್ಗೆ ಬಂದು ನನ್ನ ಎದುರಿನ ಕುರ್ಚಿಯಲ್ಲಿ ಪಾಸ್‌ಬುಕ್ ತೊಡೆಯ ಮೇಲಿಟ್ಟುಕೊಂಡು ಕೂರುತ್ತಿದ್ದರು. ಬೈಯುತ್ತಲೂ ಇರಲಿಲ್ಲ. ಗೊಬ್ಬರದ ಅಂಗಡಿಯವನಿಗೆ ಏನು ಹೇಳಲಿ ಸಾರ್ ಅಂತ ಮಾತ್ರ ಕೇಳುತ್ತಿದ್ದರು. ಬಿಡಿಸಿಕೊಳ್ಳಲು ಏಳು ತಿಂಗಳು ಹಿಡಿಯಿತು.

ನಿಮ್ಮ ಸೀನಿಯರ್ ಹೇಳುತ್ತಿರುವುದು ಅದೇ ಹಗ್ಗದ ಇನ್ನೊಂದು ತುದಿ. ನೀವು ಹಾಕುವ ನಂಬರು ಯಾರದು, ಆ ಖಾತೆಯ ಮೇಲೆ ನಾಳೆ ಯಾವ ದೂರು ಬೀಳುತ್ತದೆ ಅಂತ ಆ ಹುಡುಗನಿಗೂ ಗೊತ್ತಿರುವುದಿಲ್ಲ. ದೂರು ಬಿದ್ದಾಗ ಅದಕ್ಕೆ ಹಣ ಹಾಕಿದವರ ಪಟ್ಟಿಯಲ್ಲಿ ನಿಮ್ಮ ಹೆಸರಿರುತ್ತದೆ. ರೇಟು ಚೆನ್ನಾಗಿದೆ ಅನ್ನುವುದೇ ನನಗೆ ಕಸಿವಿಸಿ. ಮಗಳಿಗೂ ಇದನ್ನು ಓದಿಸಿ. ಅವಳೂ ತನ್ನ ರೂಬಲ್ ಕೊಟ್ಟು ಇಲ್ಲಿ ನಿಮ್ಮ ಖಾತೆಗೆ ಹಣ ಹಾಕಿಸುವ ಕೆಲಸಕ್ಕೆ ಕೈ ಹಾಕದಿರಲಿ.

ನೀವು ಕೇಳಿಲ್ಲ, ಆದರೂ ತೋಟದವರಿಗೆ ಹೇಳಲೇಬೇಕಾದದ್ದು ಫೋನಿನ ಮಾತು. ನೀವು ಅಲ್ಲಿರುವಾಗ ಇಲ್ಲಿ ತೋಟದ ಕೂಲಿಯವರ ಎರಡು ಮೂರು ವಾರದ ಬಟವಾಡೆ ಬೀಳುತ್ತದೆ. ಅಲ್ಲಿಂದ ಫೋನಿನಲ್ಲೇ ಕಳಿಸಿದರಾಯಿತು ಅಂತ ಯಜಮಾನರು ಅಂದುಕೊಂಡಿದ್ದರೆ, ಬೇಡ. ಒಟಿಪಿ ಬರಬೇಕಾದರೆ ಇಲ್ಲಿನ ಸಿಮ್ ಫೋನಿನಲ್ಲೇ ಇರಬೇಕು, ರೋಮಿಂಗ್ ಹೊರಡುವ ಮೊದಲೇ ಹಾಕಿಸಿರಬೇಕು, ಕೆಲವು ಬ್ಯಾಂಕ್ ಆ್ಯಪ್‌ಗಳು ಪರದೇಶದ ನೆಟ್‌ನಲ್ಲಿ ಬಾಗಿಲೇ ತೆರೆಯುವುದಿಲ್ಲ. ಸಾಲದ್ದಕ್ಕೆ ರಷ್ಯಾದಲ್ಲಿ ಮೊಬೈಲ್ ಇಂಟರ್‌ನೆಟ್ಟನ್ನೇ ಆಗಾಗ ನಿಲ್ಲಿಸುತ್ತಾರೆ. ಶನಿವಾರ ಸಂಜೆ ಲೈನ್ ಮನೆಯವರು ಕಾಯುತ್ತಿರುವಾಗ ನೀವು ಅಲ್ಲಿ ವೈಫೈ ಹುಡುಕುವುದು ಚೆನ್ನಾಗಿರುವುದಿಲ್ಲ. ಮೂರು ವಾರದ ದುಡ್ಡನ್ನು ತೋಟದ ಲೆಕ್ಕ ನೋಡುವ ರೈಟರ ಕೈಗೋ ಮೈದುನನ ಖಾತೆಗೋ ಮೊದಲೇ ಹಾಕಿ ಹೋಗಿ. ಹೋಗುವ ಮುಂಚೆ ಹೊಸ ಫೋನ್ ಕೊಳ್ಳುವ ಆಸೆ ಇದ್ದರೆ ಬಂದ ಮೇಲೆ ಕೊಳ್ಳಿ. ಹೊಸ ಫೋನಿನಲ್ಲಿ ಯುಪಿಐ ಮತ್ತೆ ಹೂಡಬೇಕಾದರೆ ನಿಮ್ಮ ಸಿಮ್‌ನಿಂದಲೇ ಎಸ್‌ಎಂಎಸ್ ಹೋಗಬೇಕು, ಅದು ಅಲ್ಲಿಂದ ಹೋಗುತ್ತದೋ ಇಲ್ಲವೋ ಅನ್ನುವ ತಲೆಬಿಸಿ ಯಾಕೆ?

ದುಬೈ ಹಾಗಲ್ಲ, ಅಲ್ಲಿ ಕಾರ್ಡ್ ನಡೆಯುತ್ತದೆ. ಆದರೆ ಇಲ್ಲೊಂದು ಬೀಗ ಇದೆ. 2020ರಿಂದ ರಿಸರ್ವ್ ಬ್ಯಾಂಕ್ ನಿಯಮದ ಪ್ರಕಾರ ಹೊಸ ಕಾರ್ಡುಗಳು ದೇಶದೊಳಗೆ ಮಾತ್ರ ತೆರೆದಿರುತ್ತವೆ, ಹೊರದೇಶದ ಬಳಕೆಯನ್ನು ನೀವೇ ಆ್ಯಪಿನಲ್ಲಿ ಅಥವಾ ಎಟಿಎಂನಲ್ಲಿ ಆನ್ ಮಾಡಬೇಕು. ಇಂಟರ್‌ನ್ಯಾಷನಲ್ ಅಂತ ಕಾರ್ಡಿನ ಮೇಲೆ ಅಚ್ಚಾಗಿದ್ದರೂ ಇದು ತಪ್ಪಿದ್ದಲ್ಲ. ಇಲ್ಲೇ ಆನ್ ಮಾಡಿ, ದಿನದ ಮಿತಿ ಸಣ್ಣದಿಡಿ, ಊರಿಗೆ ಬಂದ ದಿನ ಆಫ್ ಮಾಡಿ. ಹೆಚ್ಚಿನ ಕಾರ್ಡುಗಳು ಶೇ. 3.5 ಹೆಚ್ಚುವರಿ ಹಾಕಿ ಅದರ ಮೇಲೆ ಶೇ. 18 ಜಿಎಸ್‌ಟಿ ಸೇರಿಸುತ್ತವೆ, ಹತ್ತು ಸಾವಿರದ ಖರೀದಿಗೆ 413 ರೂಪಾಯಿ. ಅಂಗಡಿಯವನು ಮೆಷಿನ್ ನಿಮ್ಮ ಕಡೆ ತಿರುಗಿಸಿದಾಗ ಪರದೆಯಲ್ಲಿ ರೂಪಾಯಿಯೋ ದಿರ್ಹಮ್ಮೋ ಅಂತ ಕೇಳುತ್ತದೆ. ರೂಪಾಯಿ ಅಂತ ಕಂಡ ಕೂಡಲೇ ಮನಸ್ಸು ಆ ಕಡೆ ವಾಲುತ್ತದೆ. ದಿರ್ಹಮ್ ಒತ್ತಿ. ರೂಪಾಯಿ ಒತ್ತಿದರೆ ಅಂಗಡಿಯ ಕಡೆಯವರು ತಮಗೆ ಬೇಕಾದ ರೇಟಿನಲ್ಲಿ ಲೆಕ್ಕ ಹಾಕುತ್ತಾರೆ, ಬಹಳಷ್ಟು ಸಲ ನಿಮ್ಮ ಬ್ಯಾಂಕಿನ ಹೆಚ್ಚುವರಿಯೂ ತಪ್ಪುವುದಿಲ್ಲ. ಅವಸರದಲ್ಲಿ ಕೆಲವು ಹುಡುಗರು ತಾವೇ ಒತ್ತಿಬಿಡುತ್ತಾರೆ, ಮೆಷಿನ್ ಕೈಗೆ ಕೇಳಿ ಪಡೆಯಿರಿ. ಅಲ್ಲಿ ಹಲವು ಅಂಗಡಿಗಳಲ್ಲಿ ನಮ್ಮ ಯುಪಿಐ ಕೂಡ ನಡೆಯುತ್ತದೆ, ಅದಕ್ಕೂ ಆ್ಯಪಿನಲ್ಲಿ ಅಂತರರಾಷ್ಟ್ರೀಯ ಬಳಕೆ ಆನ್ ಮಾಡಬೇಕು.

ಆದರೂ ಮೂರು ದಿನಕ್ಕೆ ಕಾರ್ಡಿಗಿಂತ ರಷ್ಯಾದಲ್ಲಿ ಉಳಿದ ಡಾಲರ್ ಮೇಲು. ಒಂದು ಡಾಲರಿಗೆ 3.6725 ದಿರ್ಹಮ್ ಅಂತ ಅವರು 1997ರಿಂದಲೂ ಕಟ್ಟಿಹಾಕಿದ್ದಾರೆ. ಹಾಗಾಗಿ ಊರೊಳಗಿನ ಎಕ್ಸ್‌ಚೇಂಜ್‌ನಲ್ಲಿ ಬದಲಾಯಿಸಿದರೆ ಸಾಮಾನ್ಯವಾಗಿ ಹೆಚ್ಚು ಮುರಿಯುವುದಿಲ್ಲ. ದಿರ್ಹಮ್ ಇಲ್ಲಿಂದ ಕೊಂಡೊಯ್ಯುವ ಅಗತ್ಯವೇ ಇಲ್ಲ.

ವಾಪಸ್ ಬಂದಾಗ ಬೆಂಗಳೂರಿನಿಂದ ಊರಿನವರೆಗಿನ ಟ್ಯಾಕ್ಸಿಗೆ ಒಂದಿಷ್ಟು ರೂಪಾಯಿ ಇಟ್ಟುಕೊಂಡೇ ಹೋಗಿ, ತಲಾ 25,000ದವರೆಗೆ ಒಯ್ಯಬಹುದು. ಉಳಿದ ಡಾಲರನ್ನು 180 ದಿನದೊಳಗೆ ವಾಪಸ್ ಕೊಡಬೇಕು, 2,000 ಡಾಲರ್‌ವರೆಗೆ ಮುಂದಿನ ಪ್ರಯಾಣಕ್ಕೆ ಅಂತ ಮನೆಯಲ್ಲೇ ಇಟ್ಟುಕೊಳ್ಳಲೂ ಬಹುದು. ಮಗಳ ಘಟಿಕೋತ್ಸವಕ್ಕೆ ಮತ್ತೆ ಹೋಗುವವರಲ್ಲವೇ ನೀವು? ರೂಬಲ್ ಉಳಿದರೆ ಮಾತ್ರ ಹೊರಡುವ ಹಿಂದಿನ ದಿನವೇ ಅವಳ ಕೈಗೆ ಹಾಕಿ ಬನ್ನಿ. ಚಿಕ್ಕಮಗಳೂರಿನಲ್ಲಿ ಅದನ್ನು ಯಾರೂ ಮುಟ್ಟುವುದಿಲ್ಲ.